ಜನರಲ್ ತಿಮ್ಮಯ್ಯನವರೂ ಕೊರಿಯದ ಸೆರೆಯಾಳುಗಳೂ

ಯುದ್ಧವು ಮುಗಿದೊಡನೆ ಸೆರೆಯ ಬಾಗಿಲು ತೆರೆಯಬೇಕೆಂಬುದು ಲೋಕವು ಒಪ್ಪಿದ ನ್ಯಾಯ. ೧೯೪೫ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಬುಖೆನ್‌ವಾಲ್ಡ್, ಬೆರ್ಗೆನ್-ಬೆಲ್ಸೆನ್ ಶಿಬಿರಗಳನ್ನು ಹೊಕ್ಕ ಸೈನಿಕರಿಗೆ ತಮ್ಮ ಕರ್ತವ್ಯವೇನೆಂಬುದರಲ್ಲಿ ಸಂಶಯವಿರಲಿಲ್ಲ. ಹೆಣಗಳ ನಡುವೆ ಇನ್ನೂ ಉಸಿರಾಡುತ್ತಿದ್ದವರನ್ನು ಬದುಕಿಸುವುದೇ ಅವರ ಕೆಲಸವಾಗಿತ್ತು. ಎಂಟು ವರುಷಗಳ ತರುವಾಯ ಕನ್ನಡ ನಾಡಿನ ಒಬ್ಬ ಸೇನಾನಿಗೆ ಒದಗಿದ ಸಂದರ್ಭವಾದರೋ ಇದಕ್ಕಿಂತ ಜಟಿಲವಾದುದು. ಅವರ ವಶದಲ್ಲಿದ್ದ ಸೆರೆಯಾಳುಗಳು ೨೨,೦೦೦ಕ್ಕೂ ಮಿಕ್ಕವರು. ಬಾಗಿಲನ್ನು ತೆರೆಯುವುದು ಸುಲಭ. ತೆರೆದಮೇಲೆ ಅವರು ಯಾವ ದಿಕ್ಕಿಗೆ ಹೋಗತಕ್ಕವರು, ಅದನ್ನು ನಿರ್ಣಯಿಸತಕ್ಕವರು ಯಾರು ಎಂಬುದೇ ವಿವಾದವಾಗಿತ್ತು.

ಕೊಡಂದೇರ ತಿಮ್ಮಯ್ಯನವರು ಹುಟ್ಟಿದುದು ಕೊಡಗಿನ ಮಡಿಕೇರಿಯಲ್ಲಿ, ೧೯೦೬ನೆಯ ಇಸವಿಯ ಮಾರ್ಚ್ ೩೧ರಂದು. ಕೂನೂರಿನಲ್ಲಿ ಕೆಲವು ಕಾಲ ಓದಿದ ಬಳಿಕ ಅವರು ಬೆಂಗಳೂರಿನ ದಂಡು ಪ್ರದೇಶದ ಬಿಷಪ್ ಕಾಟನ್ ಬಾಲಕರ ಶಾಲೆಯನ್ನು ಸೇರಿದರು. ಆಗಿನ ದಂಡು ಮೈಸೂರು ಸಂಸ್ಥಾನದ ನಡುವೆ ಇದ್ದರೂ ಆಂಗ್ಲರ ಆಳ್ವಿಕೆಗೆ ಒಳಪಟ್ಟ ಪ್ರತ್ಯೇಕ ಪಟ್ಟಣ. ಹಲಸೂರಿನಲ್ಲಿ ಮದರಾಸು ಸ್ಯಾಪರುಗಳ ನೆಲೆ, ಪರೇಡು ಮೈದಾನದಲ್ಲಿ ಕವಾಯತು. ಅಲ್ಲಿಂದ ಡೆಹರಾಡೂನಿಗೂ ಸ್ಯಾಂಡ್‌ಹರ್ಸ್ಟಿಗೂ ಹೋಗಿ, ತಿಮ್ಮಯ್ಯನವರು ೧೯೨೬ರಲ್ಲಿ ಸೇನಾಧಿಕಾರಿಗಳಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಹೋರಾಡಿ, ಅಲ್ಲಿ ಬ್ರಿಗೇಡೊಂದರ ನಾಯಕತ್ವವನ್ನು ವಹಿಸಿದರು. ೧೯೪೫ರ ಸೆಪ್ಟೆಂಬರ್ ೧೨ರಂದು ಸಿಂಗಪುರದಲ್ಲಿ ಜಪಾನಿಯರು ಶರಣಾಗತಿಯ ಪತ್ರಕ್ಕೆ ಸಹಿ ಮಾಡಿದಾಗ ಭಾರತದ ಪರವಾಗಿ ಉಪಸ್ಥಿತರಾಗಿದ್ದವರೂ ಅವರೇ. ಮೂರೂವರೆ ವರುಷಗಳ ಹಿಂದೆ ಸಹಸ್ರಾರು ಭಾರತೀಯ ಸಿಪಾಯಿಗಳು ಸೆರೆಸಿಕ್ಕಿದ್ದುದು ಅದೇ ನಗರದಲ್ಲಿ. ತಿಮ್ಮಯ್ಯನವರ ಸ್ವಂತ ಅಣ್ಣನವರೇ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ಒಂದೇ ಮನೆಯ ಇಬ್ಬರು ಎದುರು ಬದುರಾದ ಪಕ್ಷಗಳಲ್ಲಿ ನಿಲ್ಲುವುದೆಂದರೇನೆಂಬುದನ್ನು ಅವರಿಗೆ ಪುಸ್ತಕದಿಂದ ಕಲಿಸಬೇಕಾದುದಿರಲಿಲ್ಲ.

ಕೊರಿಯದ ಯುದ್ಧವು ೧೯೫೦ರಲ್ಲಿ ಮೊದಲಾಯಿತು. ೧೯೫೧ರ ಜುಲೈಯಲ್ಲಿಯೇ ಸಂಧಿಯ ಮಾತುಕತೆ ಆರಂಭವಾದರೂ, ಬಹುಕಾಲ ಅದು ಮುಂದುವರಿಯದೆ ನಿಂತುದು ಸೆರೆಯಾಳುಗಳ ಪ್ರಶ್ನೆಯಿಂದ. ೧೯೪೯ರ ಜಿನೀವಾ ಒಪ್ಪಂದದ ಪ್ರಕಾರ ಯುದ್ಧವು ನಿಂತ ಕೂಡಲೆ ಸೆರೆಯಾಳುಗಳನ್ನು ಅವರವರ ದೇಶಕ್ಕೆ ಕಳುಹಿಸತಕ್ಕದ್ದು. ಚೀನ ಮತ್ತು ಉತ್ತರ ಕೊರಿಯದವರು ಈ ಮಾತನ್ನೇ ಹಿಡಿದು ಕುಳಿತರು. ಆದರೆ ತಮ್ಮ ವಶದಲ್ಲಿದ್ದವರಲ್ಲಿ ಸಾವಿರಗಟ್ಟಲೆ ಜನರು ಹಿಂದಿರುಗಲೊಲ್ಲರೆಂದೂ, ಅವರನ್ನು ಬಲಾತ್ಕಾರದಿಂದ ಕಳುಹಿಸಲಾಗದೆಂದೂ ಅಮೆರಿಕದವರು ವಾದಿಸಿದರು. ೧೯೪೫ರ ನಂತರ ರಷ್ಯದ ಸೆರೆಯಾಳುಗಳನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಹಿಂದಕ್ಕೆ ಒಪ್ಪಿಸಿದುದರ ನೆನಪು ಇನ್ನೂ ಮಾಸಿರಲಿಲ್ಲ. ಹಾಗೆ ಹಿಂದಿರುಗಿದವರಲ್ಲಿ ಅನೇಕರು ಸ್ವದೇಶದಲ್ಲಿಯೇ ಮತ್ತೆ ಸೆರೆಯನ್ನು ಕಂಡಿದ್ದರು. ಎರಡು ವಾದಗಳಲ್ಲಿಯೂ ನ್ಯಾಯದ ಅಂಶವಿತ್ತು. ಈ ವಾದವು ತೀರುವವರೆಗೂ ಯುದ್ಧವು ನಡೆಯುತ್ತಲೇ ಇದ್ದು, ಜನರು ಸಾಯುತ್ತಲೇ ಇದ್ದರು.

೧೯೫೨ರ ನವೆಂಬರಿನಲ್ಲಿ ಭಾರತವು ವಿಶ್ವಸಂಸ್ಥೆಯಲ್ಲಿ ತಂದ ಸೂಚನೆಯು ಒಂದು ದಾರಿಯನ್ನು ತೋರಿಸಿತು. ಅದರಂತೆ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯ ಮತ್ತು ಭಾರತ ಎಂಬ ಐದು ರಾಷ್ಟ್ರಗಳ ತಟಸ್ಥ ಆಯೋಗವು ಏರ್ಪಟ್ಟಿತು. ಅಧ್ಯಕ್ಷತೆಯು ತಿಮ್ಮಯ್ಯನವರದಾಯಿತು. ಸೆರೆಯಾಳುಗಳ ಕಾವಲಿಗೆ ಹೋದ ಸುಮಾರು ೬,೦೦೦ ಮಂದಿ ಭಾರತೀಯ ಸೈನಿಕರಿಗೆ ಬರ್ಮಾದಲ್ಲಿ ಅವರ ಜೊತೆಗಾರರಾಗಿದ್ದ ಮೇಜರ್ ಜನರಲ್ ಥೋರಾಟರು ನಾಯಕರು. ದಕ್ಷಿಣ ಕೊರಿಯದ ಅಧ್ಯಕ್ಷನಾದ ಸಿಂಗ್‌ಮನ್ ರೀಯು ಭಾರತೀಯರು ತನ್ನ ನೆಲವನ್ನು ಮೆಟ್ಟಕೂಡದೆಂದು ಹಟಹಿಡಿದುದರಿಂದ, ಅವರನ್ನು ಇಂಚಾನ್ ರೇವಿನ ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೇನ ವಲಯದಲ್ಲಿ ಇಳಿಸಬೇಕಾಯಿತು. ತಾವು ಬೀಡುಬಿಟ್ಟ ಸ್ಥಳಕ್ಕೆ ಅವರು ಹಿಂದ್‌ನಗರವೆಂದು ಹೆಸರಿಟ್ಟರು.

೧೯೫೩ರ ಸೆಪ್ಟೆಂಬರಿನಲ್ಲಿ ದಕ್ಷಿಣ ಪಕ್ಷದಿಂದ ೨೨,೬೦೪ ಮಂದಿಯೂ, ಉತ್ತರ ಪಕ್ಷದಿಂದ ೩೫೯ ಮಂದಿಯೂ ಭಾರತೀಯರ ವಶಕ್ಕೆ ಬಂದರು. ಸ್ವದೇಶದ ಪ್ರತಿನಿಧಿಗಳು ೯೦ ದಿನಗಳ ಕಾಲ ಇವರಿಗೆ ವಿಷಯವನ್ನು ವಿವರಿಸಿ ಹೇಳತಕ್ಕದ್ದೆಂದೂ, ಅನಂತರ ಒಬ್ಬೊಬ್ಬನೂ ತನ್ನ ಇಷ್ಟವನ್ನು ತಿಳಿಸತಕ್ಕದ್ದೆಂದೂ ನಿಬಂಧನೆಯಿತ್ತು. ಕಾಗದದ ಮೇಲೆ ಇದು ಸರಳವಾಗಿಯೇ ಕಾಣುವುದು. ಆದರೆ ತಂತಿಯ ಬೇಲಿಯ ಒಳಗೆ ಬೇರೊಂದು ರಾಜ್ಯವೇ ನಡೆಯುತ್ತಿತ್ತು. ಸೆರೆಯಾಳುಗಳಲ್ಲಿಯೇ ನಾಯಕರು, ಬೇಹುಗಾರರು, ದಂಡಿಸುವವರು ಇದ್ದರು. ಊರಿಗೆ ಹೋಗುವೆನೆಂದವನು ಹೊಡೆತಕ್ಕೆ ಗುರಿಯಾಗುತ್ತಿದ್ದನು, ಕೊಲೆಗಳೂ ನಡೆದುವು. ಕೆಲವರು ರಾತ್ರಿಯ ಹೊತ್ತು ಬೇಲಿಯನ್ನು ಹಾರಿ ಬಂದು ಭಾರತೀಯ ಕಾವಲುಗಾರರ ಮರೆಹೊಕ್ಕರು. ಸೆರೆಯಾಳುಗಳು ಭಾರತೀಯ ಅಧಿಕಾರಿಯೊಬ್ಬರನ್ನು ಎಳೆದೊಯ್ದು ಒಳಗಿಟ್ಟುಕೊಂಡಾಗ, ಥೋರಾಟರು ತಾವೇ ಒಳಹೊಕ್ಕು ಬಿಡಿಸಿಕೊಂಡು ಬಂದರು. ಅಕ್ಟೋಬರಿನ ಮೊದಲಲ್ಲಿ ಗಲಭೆಯು ಮಿತಿಮೀರಿ, ಕಾವಲುಗಾರರು ಗುಂಡು ಹಾರಿಸಬೇಕಾಗಿ, ಸೆರೆಯಾಳುಗಳು ಕೆಲವರು ಸತ್ತರು. ಬಿಡಿಸಲು ಬಂದವರ ಕೈಯಿಂದಲೇ ಸಾವಾದುದು ಆ ಕಾರ್ಯದ ಕಷ್ಟವನ್ನು ಹೇಳುತ್ತದೆ.

ವಿವರಣೆಯು ನಡೆದುದು ಹತ್ತು ದಿನಗಳು ಮಾತ್ರ. ಸೆರೆಯಾಳುಗಳನ್ನು ಬಲದಿಂದ ಗುಡಾರಕ್ಕೆ ಎಳೆತಂದು ಕೂರಿಸಬೇಕೆಂದು ಒಂದು ಪಕ್ಷದವರೂ, ಕೂಡದೆಂದು ಇನ್ನೊಂದು ಪಕ್ಷದವರೂ ಒತ್ತಾಯಪಡಿಸಿದರು. ನೂರಾರು ಜನರ ರಕ್ತವನ್ನು ಸುರಿಸಿ ಪಡೆಯುವ ಅಭಿಪ್ರಾಯವು ಸ್ವತಂತ್ರವಾದ ಅಭಿಪ್ರಾಯವಾಗದೆಂದು ತಿಮ್ಮಯ್ಯನವರು ಬಲಪ್ರಯೋಗಕ್ಕೆ ಮುಂದಾಗಲಿಲ್ಲ. ಕೊನೆಗೆ ಸ್ವದೇಶಕ್ಕೆ ಹಿಂದಿರುಗಿದವರು ಸುಮಾರು ೬೩೦ ಮಂದಿ.

ಇವರ ಗತಿಯನ್ನು ನಿರ್ಣಯಿಸಬೇಕಾಗಿದ್ದ ರಾಜಕೀಯ ಸಮ್ಮೇಳನವು ನೆರೆಯಲೇ ಇಲ್ಲ. ಅವಧಿಯು ೧೯೫೪ರ ಜನವರಿ ೨೨ಕ್ಕೆ ಮುಗಿಯುವುದರಲ್ಲಿತ್ತು. ಬಿಡುಗಡೆ ಮಾಡಿದರೆ ಒಂದು ಪಕ್ಷಕ್ಕೂ, ಹಿಡಿದಿಟ್ಟರೆ ಇನ್ನೊಂದಕ್ಕೂ ಅನ್ಯಾಯವಾಗುವಂತಿತ್ತು. ತಿಮ್ಮಯ್ಯನವರು ಎರಡನ್ನೂ ಮಾಡದೆ, ಜನವರಿ ೨೦ರಿಂದ ಉಳಿದವರನ್ನು ಅವರವರ ಹಿಂದಿನ ವಶದಾರರಿಗೇ ಮರಳಿ ಒಪ್ಪಿಸತೊಡಗಿದರು. ದಕ್ಷಿಣದವರು ಅವರನ್ನು ಕೂಡಲೆ ಬಿಟ್ಟುಬಿಟ್ಟರು. ಚೀನೀಯರಲ್ಲಿ ಬಹುಮಂದಿ ಫಾರ್ಮೋಸಾ ದ್ವೀಪಕ್ಕೆ ಹೋದರು. ಎರಡು ಕಡೆಯವರೂ ಭಾರತವನ್ನು ನಿಂದಿಸಿದರು. ನ್ಯಾಯಾಧೀಶನನ್ನು ವಾದಿ ಪ್ರತಿವಾದಿಗಳಿಬ್ಬರೂ ಬೈದರೆ ಆತನು ಲಂಚ ತಿನ್ನಲಿಲ್ಲವೆಂದಾದರೂ ತಿಳಿಯಬಹುದು. ಆದರೂ ಒಂದು ಪ್ರಶ್ನೆಯು ಉಳಿಯುವುದು. ಬೇಲಿಯೊಳಗಿನ ಭೀತಿಯು ಇಲ್ಲದಿದ್ದರೆ ಊರಿನ ದಾರಿ ಹಿಡಿಯುತ್ತಿದ್ದವರು ಎಷ್ಟು ಮಂದಿ? ಈ ಲೆಕ್ಕವು ಯಾವ ಕಡತದಲ್ಲಿಯೂ ಸಿಕ್ಕತಕ್ಕದ್ದಲ್ಲ.

೮೮ ಮಂದಿ ಮಾತ್ರ ಎರಡು ಪಕ್ಷಗಳನ್ನೂ ಒಲ್ಲದೆ, ತಮ್ಮನ್ನು ಕಾಯುತ್ತಿದ್ದವರ ಜೊತೆಯಲ್ಲಿಯೇ ಹಡಗನ್ನೇರಿ ಭಾರತಕ್ಕೆ ಬಂದರು. ಮುಂದೆ ಅವರಲ್ಲಿ ಅನೇಕರು ಬ್ರೆಜಿಲ್, ಅರ್ಜೆಂಟೀನಗಳಿಗೆ ಹೋಗಿ ನೆಲಸಿದರು. ಸೆರೆಯಾದವನು ಕಾವಲುಗಾರನ ದೇಶವನ್ನು ನಂಬಿ ಬರುವುದು ಯುದ್ಧಗಳ ಇತಿಹಾಸದಲ್ಲಿ ಅಪರೂಪ.

ತಿಮ್ಮಯ್ಯನವರು ೧೯೫೭ರಿಂದ ೧೯೬೧ರ ವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಬಳಿಕ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಸೇನೆಯನ್ನು ನಡೆಸುತ್ತಿದ್ದಾಗ, ೧೯೬೫ರ ಡಿಸೆಂಬರ್ ೧೮ರಂದು ತೀರಿಕೊಂಡರು. ಕೊರಿಯದ ಅನುಭವಗಳನ್ನು ಅವರು ಬರೆದಿಟ್ಟ ಗ್ರಂಥವು ಅವರು ಹೋದಮೇಲೆ ಅಚ್ಚಾಯಿತು. ಅವರ ದೇಹವನ್ನು ಬೆಂಗಳೂರಿಗೆ ತಂದು, ಬಾಲ್ಯದಲ್ಲಿ ಓದಿದ ಶಾಲೆಗೆ ಬಹು ದೂರವಲ್ಲದೆಡೆ ಮಣ್ಣುಮಾಡಿದರು. ಗೆದ್ದ ಯುದ್ಧಗಳಿಗಾಗಿ ಸೇನಾನಿಗಳನ್ನು ನೆನೆಯುವುದು ವಾಡಿಕೆ. ಪರರ ಸೆರೆಯಾಳುಗಳನ್ನು ನಾಲ್ಕು ತಿಂಗಳು ಕಾಯ್ದು, ಒಬ್ಬೊಬ್ಬನ ಇಷ್ಟವೇನೆಂದು ಕೇಳಲು ಯತ್ನಿಸಿದುದಕ್ಕಾಗಿಯೂ ಈ ಸೇನಾನಿಯನ್ನು ನೆನೆಯತಕ್ಕದ್ದು.