ಬೇಸಿಗೆ ಸಂಶೋಧನಾ ತರಬೇತಿ, ಶಾಲಾ ವಿದ್ಯಾರ್ಥಿಗಳಿಗೆ

ಪ್ರೌಢಶಾಲೆ ಅಥವಾ ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯವೊಂದು ಬೇಸಿಗೆ ರಜೆಯ ಕೆಲವು ವಾರಗಳ ಮಟ್ಟಿಗೆ ತನ್ನ ಪ್ರಯೋಗಾಲಯಕ್ಕೆ ಬರಮಾಡಿಕೊಂಡು, ಅಲ್ಲಿ ನಡೆಯುತ್ತಿರುವ ಸಂಶೋಧನೆಯ ಒಂದು ಸಣ್ಣ ಭಾಗವನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಅವರಿಂದಲೇ ಮಾಡಿಸುವ ವ್ಯವಸ್ಥೆಗೆ ಈ ಹೆಸರು. ವಿಜ್ಞಾನ ಶಿಬಿರವೂ ಬೇಸಿಗೆಯಲ್ಲೇ ನಡೆಯುವುದರಿಂದ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಶಿಬಿರದಲ್ಲಿ ಮಾಡಿಸುವ ಪ್ರಯೋಗದ ಫಲ ಕಲಿಸುವವರಿಗೆ ಮೊದಲೇ ತಿಳಿದಿರುತ್ತದೆ. ತರಬೇತಿಯಲ್ಲಿ ಅದು ಮಾರ್ಗದರ್ಶಕರಿಗೂ ತಿಳಿದಿರುವುದಿಲ್ಲ. ಆತಿಥೇಯ ಸಂಸ್ಥೆಯ, ಅಂದರೆ ವಿದ್ಯಾರ್ಥಿಯನ್ನು ಇರಿಸಿಕೊಳ್ಳುವ ಸಂಸ್ಥೆಯ, ಹೊಣೆಯ ತೂಕವೆಲ್ಲ ಇರುವುದು ಈ ವ್ಯತ್ಯಾಸದಲ್ಲಿ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುವ, 1984ರಲ್ಲಿ ಆರಂಭವಾದ ‘ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್’ ಮತ್ತು ಬ್ರಿಟನ್ನಿನ ನಫೀಲ್ಡ್ ಪ್ರತಿಷ್ಠಾನದ ಯೋಜನೆ ಈ ಬಗೆಯ ಹೆಸರಾಂತ ಮಾದರಿಗಳು. ಕರ್ನಾಟಕದಲ್ಲಿ ಸಂಶೋಧನಾ ತರಬೇತಿ ಕಾಲೇಜಿನ ಮೆಟ್ಟಿಲಲ್ಲೇ ನಿಂತು, ಶಾಲೆಯವರೆಗೆ ಇಳಿದುಬಂದದ್ದು ಬಹುಮಟ್ಟಿಗೆ ಶಿಬಿರವೇ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು 1990ರ ದಶಕದಿಂದ ಕೊಡುತ್ತ ಬಂದಿರುವ ಎರಡು ತಿಂಗಳ ಬೇಸಿಗೆ ಶಿಷ್ಯವೃತ್ತಿ ಕಾಲೇಜು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೀಸಲು. 1989ರಲ್ಲಿ ಸ್ಥಾಪನೆಯಾದ, ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಒಬ್ಬನೇ ಪದವಿ ವಿದ್ಯಾರ್ಥಿಯನ್ನು ಮೂರು ಬೇಸಿಗೆ ಸತತವಾಗಿ ಕರೆಸಿಕೊಂಡು ರಸಾಯನಶಾಸ್ತ್ರದಲ್ಲೋ ಜೀವಶಾಸ್ತ್ರದಲ್ಲೋ ಪಳಗಿಸಿ ಡಿಪ್ಲೊಮಾ ಕೊಡುವ ಯೋಜನೆಯನ್ನು ರೂಪಿಸಿತು. ಸಂಶೋಧನೆ ಒಂದೇ ರಜೆಯಲ್ಲಿ ಕೈಗೆ ಹತ್ತುವ ಕೆಲಸವಲ್ಲವೆಂಬ ಅರಿವು ಈ ಯೋಜನೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಅಪರೂಪ.

ಶಾಲಾ ವಯಸ್ಸಿನವರ ಕಡೆಗೆ ನೋಡಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು 1999ರ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಿರ್ವಹಿಸುತ್ತಿದ್ದ ಇದರ ಪರೀಕ್ಷೆಯನ್ನು ಹನ್ನೊಂದನೆಯ ತರಗತಿಯಿಂದಲೇ ಬರೆಯಬಹುದಾಗಿತ್ತಾದರೂ, ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇದ್ದುದರಿಂದ, ಸಂಸ್ಥೆ ಕರ್ನಾಟಕದಲ್ಲಿದ್ದೂ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಬಾಗಿಲು ಅರೆತೆರೆದಂತಿತ್ತು. 2022ರಲ್ಲಿ ಈ ಯೋಜನೆಯನ್ನು ಕೇಂದ್ರ ಸರ್ಕಾರದ ‘ಇನ್‌ಸ್ಪೈರ್’ ಯೋಜನೆಯೊಳಗೆ ಸೇರಿಸಲಾಯಿತು. 2008ರಲ್ಲಿ ಆರಂಭವಾದ ಇನ್‌ಸ್ಪೈರ್‌ನ ಒಂದು ಅಂಗದ ಹೆಸರು ಇಂಟರ್ನ್‌ಶಿಪ್ ಎಂದಿದ್ದರೂ, ಅದು ಹತ್ತನೆಯ ತರಗತಿಯಲ್ಲಿ ಅತಿ ಹೆಚ್ಚು ಅಂಕ ಪಡೆದು ವಿಜ್ಞಾನ ಆಯ್ದುಕೊಂಡವರಿಗೆ ನಡೆಸುವ ಐದು ದಿನಗಳ ಶಿಬಿರ. ಇಸ್ರೋ 2019ರಿಂದ ನಡೆಸುತ್ತಿರುವ ‘ಯುವಿಕಾ’ ಶಿಬಿರ ಎರಡು ವಾರಗಳದ್ದು. ಊಟ, ವಸತಿ, ಪ್ರಯಾಣದ ಖರ್ಚನ್ನು ಇಸ್ರೋ ಭರಿಸುತ್ತದಲ್ಲದೆ, ಹಳ್ಳಿಯ ಶಾಲೆಯಲ್ಲಿ ಓದುತ್ತಿರುವುದಕ್ಕೂ ಆಯ್ಕೆಯಲ್ಲಿ ಅಂಕವಿದೆ.

ಶಿಬಿರ ನಡೆಸಲು ಸಭಾಂಗಣ, ಉಪನ್ಯಾಸಕರು, ಬಸ್ಸು ಇದ್ದರೆ ಸಾಕು. ತರಬೇತಿಗೆ ಬೇಕಾದದ್ದು ಒಬ್ಬ ಮಾರ್ಗದರ್ಶಕನ ಬಿಡುವು, ಮತ್ತು ಮೂರು ನಾಲ್ಕು ವಾರಗಳಲ್ಲಿ ಮುಗಿಯುವಷ್ಟು ಚಿಕ್ಕದಾಗಿದ್ದೂ ಹುಸಿಯಲ್ಲದ ಒಂದು ಪ್ರಶ್ನೆ. ದಿನನಿತ್ಯದ ಹೇಳಿಕೊಡುವಿಕೆ ಸಾಮಾನ್ಯವಾಗಿ ಪ್ರಾಧ್ಯಾಪಕರಿಂದ ಪಿಎಚ್.ಡಿ. ವಿದ್ಯಾರ್ಥಿಗಳ ಪಾಲಿಗೆ ಬರುತ್ತದೆ. ಅವರಿಗೆ ಅದರಿಂದ ಸಿಗುವ ಮನ್ನಣೆ ಕಡಿಮೆ. ಹದಿನೆಂಟು ತುಂಬದವರು ಕಾನೂನಿನ ದೃಷ್ಟಿಯಲ್ಲಿ ಮಕ್ಕಳಾದ್ದರಿಂದ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ; ಪಾಲಕರ ಲಿಖಿತ ಒಪ್ಪಿಗೆ, ಪ್ರತ್ಯೇಕ ವಸತಿ, ಆಮ್ಲ ಮತ್ತು ಕೀಟನಾಶಕಗಳನ್ನು ಒಂಟಿಯಾಗಿ ಮುಟ್ಟದಂತೆ ಕಾವಲು, ಇವೆಲ್ಲ ಪ್ರಶ್ನೆಯನ್ನು ಆರಿಸುವ ಮುನ್ನವೇ ಗೊತ್ತಾಗಬೇಕಾದ ಸಂಗತಿಗಳು.

ಉದಾಹರಣೆಗೆ, ರಾಯಚೂರು ಜಿಲ್ಲೆಯಲ್ಲಿ ಆತಿಥೇಯರಾಗಬಲ್ಲ ಸಂಸ್ಥೆಗಳು ಈಚಿನವು. ಧಾರವಾಡದಿಂದ ಬೇರ್ಪಟ್ಟ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ 2008ರದ್ದು, ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ 2019ರದ್ದು; ರಾಯಚೂರು ವಿಶ್ವವಿದ್ಯಾಲಯವೆಂಬ ಹೆಸರಿನಲ್ಲಿ ಆರಂಭವಾದ, ಯರಗೇರಾದ ಬಳಿಯ ವಿಶ್ವವಿದ್ಯಾಲಯ ಅದಕ್ಕಿಂತ ಹೊಸತು. ಕೃಷಿ ಪದವಿಯ ವಿದ್ಯಾರ್ಥಿಗಳು ‘ಗ್ರಾಮೀಣ ಕೃಷಿ ಕಾರ್ಯಾನುಭವ’ಕ್ಕಾಗಿ ತಿಂಗಳುಗಟ್ಟಲೆ ಹಳ್ಳಿಗಳಲ್ಲಿ ಉಳಿಯುವ ಪದ್ಧತಿಯಿದೆ, ಹಳ್ಳಿ ಆತಿಥೇಯವಾಗುವುದು ರೂಢಿಯಾಗಿದೆ; ಆದರೆ ಹಳ್ಳಿಯ ಶಾಲೆಯ ಹುಡುಗಿ ಪ್ರಯೋಗಾಲಯದ ಅತಿಥಿಯಾಗುವ ದಾರಿ ಇನ್ನೂ ಅಷ್ಟು ಸವೆದಿಲ್ಲ.

ಕಾಲದ ತೊಡಕೂ ಇದೆ. ದ್ವಿತೀಯ ಪಿಯುಸಿಯ ಬೇಸಿಗೆಯನ್ನು ಸಿಇಟಿ, ನೀಟ್ ನುಂಗುವುದರಿಂದ ಉಳಿಯುವುದು ಎಸ್ಸೆಸ್ಸೆಲ್ಸಿ ಮುಗಿದ ರಜೆ ಮತ್ತು ಪಿಯುಸಿಯ ಎರಡು ವರ್ಷಗಳ ನಡುವಿನ ರಜೆ. ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬಿಸಿಲಿಗೆ ಹೆದರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ವಾಡಿಕೆಯಿದೆ. ಹತ್ತಿ, ತೊಗರಿ, ಬಿಳಿಜೋಳ ಮನೆಗೆ ಬಂದು ಒಣಬೇಸಾಯದ ಹೊಲ ಬರಿದಾಗಿರುವುದರಿಂದ ಬೆಳೆಯ ಮೇಲಿನ ಅಧ್ಯಯನಕ್ಕೆ ಅದು ಕಾಲವಲ್ಲ.

ಮಣ್ಣಿನ ಅಧ್ಯಯನಕ್ಕಾದರೆ ಅದೇ ಹದವಾದ ಕಾಲ. ಇದೇ ಜಿಲ್ಲೆಯ ಮಾನ್ವಿ ತಾಲ್ಲೂಕಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ನೀರು ನಿಂತ ಕಪ್ಪುಭೂಮಿಯಲ್ಲಿ ಕೆಳಗಿನ ಲವಣ ಬೇಸಿಗೆಯ ಬಿಸಿಲಿಗೆ ನೀರಿನೊಡನೆ ಮೇಲೇರಿ, ನೀರು ಆರಿದ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ, ಇದೇ ಸವಳು. ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಗಂಗಾವತಿ ಕೇಂದ್ರದಲ್ಲಿ ಸವಳು ಮಣ್ಣಿನ ಸಂಶೋಧನೆಯೇ ನಡೆಯುತ್ತದೆ. ವಿದ್ಯಾರ್ಥಿಯೊಬ್ಬ ತನ್ನ ಊರಿನ ಹೊಲಗಳಿಂದ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತಂದು, ಒಂದು ಪಾಲಿಗೆ ಎರಡೂವರೆ ಪಾಲು ನೀರು ಕಲಸಿ, ತಿಳಿಯ ವಿದ್ಯುದ್ವಾಹಕತೆಯನ್ನು, ಅಂದರೆ ಕರಗಿದ ಲವಣದ ಪ್ರಮಾಣಕ್ಕೆ ತಕ್ಕಂತೆ ಏರಿಳಿಯುವ ಗುಣವನ್ನು, ಮೀಟರಿನಲ್ಲಿ ಅಳೆದು, ಕಾಲುವೆಯ ಮೇಲ್ಭಾಗದ ಹೊಲಕ್ಕೂ ಕೊನೆಯಂಚಿನ ಹೊಲಕ್ಕೂ ಇರುವ ಅಂತರವನ್ನು ಗುರುತಿಸುವ ಕೆಲಸ ನಾಲ್ಕು ವಾರಗಳ ಬೆಳಗಿನ ಹೊತ್ತಿನಲ್ಲಿ ಮುಗಿಯುತ್ತದೆ.