ಎರಡು ರಗ್ಬಿ, ಒಬ್ಬ ಆಟಗಾರ



ತೆಲುಗಿನವರು ಚೆಡುಗುಡು ಎನ್ನುವ ಆಟ ನಮಗೆ ಕಬಡ್ಡಿ. ಹೆಸರಿನಂತೆ ಅದರ ಕಟ್ಟಳೆಯೂ ಒಂದಲ್ಲ. ಸಂಜೀವನಿ ಪದ್ಧತಿಯಲ್ಲಿ ಔಟಾದವನು ಮತ್ತೆ ಜೀವ ಪಡೆದು ಒಳಗೆ ಬರುತ್ತಾನೆ. ಅಮರ ಪದ್ಧತಿಯಲ್ಲಿ ಅವನು ಹೊರಗೆ ಹೋಗುವುದೇ ಇಲ್ಲ, ಎದುರಾಳಿಗೆ ಅಂಕ ಮಾತ್ರ ಸಿಗುತ್ತದೆ. ಒಂದನ್ನು ಆಡಿದವನಿಗೆ ಇನ್ನೊಂದು ಆಡಬೇಡ ಎಂದು ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನ ರಗ್ಬಿಯಲ್ಲಿ ಮಾತ್ರ ನೂರು ವರ್ಷ ಹಾಗೆ ಹೇಳಿದರು.

ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ ಆಟ. ಅದರಲ್ಲಿ ಜಗಳ ಹುಟ್ಟಿದ್ದು ಕೂಲಿಯಿಂದ. ಉತ್ತರ ಇಂಗ್ಲೆಂಡಿನ ಗಿರಣಿ, ಗಣಿಗಳ ಕೆಲಸಗಾರರು ಆಟಕ್ಕೆ ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ನಾರಾಯಣಪೇಟೆ, ಗದ್ವಾಲದ ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗ ನಿಂತರೆ ಒಲೆಯೂ ನಿಲ್ಲುತ್ತದೆ. ಹೋದ ಕೂಲಿಯನ್ನು ತುಂಬಿಕೊಡಲು ಬಿಡಿ ಎಂದು ಉತ್ತರದ ಕ್ಲಬ್ಬುಗಳು 1893ರಲ್ಲಿ ಕೇಳಿದವು. ರಗ್ಬಿ ಸಂಘ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು, ಉಣ್ಣೆಬಟ್ಟೆಗೆ ಹೆಸರಾದ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ಆ ಕ್ಲಬ್ಬುಗಳು ಬೇರೆಯಾದವು. ಮುಂದೆ ಹಳೆಯ ಸಂಘದ 15 ಮಂದಿಯ ಆಟ ರಗ್ಬಿ ಯೂನಿಯನ್ ಎಂದೂ, ಹೊಸಬರ 13 ಮಂದಿಯ ಆಟ ರಗ್ಬಿ ಲೀಗ್ ಎಂದೂ ಉಳಿಯಿತು. ಹಣ ಪಡೆದು ಲೀಗ್‌ಗೆ ಹೋದವನಿಗೆ ಯೂನಿಯನ್ನಿನ ಬಾಗಿಲು ಮುಚ್ಚಿತು.

ಈ ಬೇಲಿಯನ್ನು ಎರಡು ಸಲ ದಾಟಿದವರು ಜೊನಾಥನ್ ಡೇವಿಸ್. ಹುಟ್ಟಿದ್ದು 1962ರಲ್ಲಿ, ವೇಲ್ಸಿನ ಟ್ರಿಮ್‌ಸರನ್ ಹಳ್ಳಿಯಲ್ಲಿ. ನಿಮ್ಮ ಹಾಗೆ ಅವರೂ ಎರಡು ಭಾಷೆಯವರು, ವೆಲ್ಷ್ ಮತ್ತು ಇಂಗ್ಲಿಷ್. 1985ರಲ್ಲಿ ವೇಲ್ಸ್ ಯೂನಿಯನ್ ತಂಡ ಸೇರಿದರು. 1988ರಲ್ಲಿ ಆ ತಂಡ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂವರನ್ನೂ ಸೋಲಿಸಿತು. ಅದೇ ಡಿಸೆಂಬರಿನಲ್ಲಿ ಅವರ ನಾಯಕತ್ವದಲ್ಲಿ ತವರಿನಲ್ಲೇ ರೊಮೇನಿಯಾಕ್ಕೆ ಸೋತಿತು. ಮರುತಿಂಗಳು, 1989ರ ಜನವರಿಯಲ್ಲಿ, ಡೇವಿಸ್ ವಿಡ್ನೆಸ್ ಎಂಬ ಲೀಗ್ ಕ್ಲಬ್ಬಿಗೆ ಹೊರಟರು. ಸಂಬಳ ಸಿಕ್ಕಿತು; ವೇಲ್ಸ್ ಯೂನಿಯನ್ ಅಂಗಿ ಕೈಬಿಟ್ಟಿತು.

ಹೊಸ ಆಟವನ್ನು ಹೊಸದಾಗಿ ಕಲಿಯಬೇಕಾಯಿತು. ಲೀಗ್‌ನಲ್ಲಿ ಹಿಡಿತಕ್ಕೆ ಸಿಕ್ಕವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಆರನೆಯ ಹಿಡಿತಕ್ಕೆ ಚೆಂಡು ಎದುರಾಳಿಯ ಪಾಲು. ಅದನ್ನೂ ಕರಗತ ಮಾಡಿಕೊಂಡ ಡೇವಿಸ್ 1994ರಲ್ಲಿ ಗ್ರೇಟ್ ಬ್ರಿಟನ್ ಪರವಾಗಿ ವೆಂಬ್ಲಿಯಲ್ಲಿ ಆಸ್ಟ್ರೇಲಿಯಾದ ವಿರುದ್ಧ ಅಂಕ ಗಳಿಸಿದರು, ತಂಡ ಗೆದ್ದಿತು.

1995ರ ಆಗಸ್ಟಿನಲ್ಲಿ ಯೂನಿಯನ್ ಕೂಡ ಹಣಕ್ಕೆ ಒಪ್ಪಿತು. ಅದೇ ವರ್ಷ ಡೇವಿಸ್ ಕಾರ್ಡಿಫ್ ಕ್ಲಬ್ಬಿಗೆ ಮರಳಿದರು, ಮತ್ತೆ ವೇಲ್ಸ್ ಪರ ಆಡಿ 1997ರಲ್ಲಿ ನಿವೃತ್ತರಾದರು. ಆಮೇಲೆ ಟಿವಿಯಲ್ಲಿ ಎರಡೂ ಭಾಷೆಗಳಲ್ಲಿ ಆಟದ ಮಾತು ಆಡಿದರು.

ನಮ್ಮ ದೇಶದಲ್ಲಿ ಈ ಕೂಲಿಯ ಪ್ರಶ್ನೆಗೆ ನೌಕರಿ ಒಂದು ಉತ್ತರವಾಯಿತು. ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಕಬಡ್ಡಿ ಆಡಿ, ಗದ್ವಾಲದ ಮೇಲೆ ರೈಲು ಓಡಿಸುವ ದಕ್ಷಿಣ ಮಧ್ಯ ರೈಲ್ವೆಯಲ್ಲಿ ಕೆಲಸ ಪಡೆದರು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಬಡವರ ಮಕ್ಕಳು ಬಯಲಿನಲ್ಲಿ ಉಳಿಯಬೇಕಾದರೆ ಚಪ್ಪಾಳೆಯ ಜೊತೆಗೆ ಅನ್ನದ ದಾರಿಯೂ ಇರಬೇಕು.