ಅದೇ ಕಚೇರಿ, ಅದೇ ಮೇಜು: ‘ತಬರನ ಕಥೆ’ಯನ್ನು ಡಿಜಿಟಲ್ ಚಿತ್ರಸರಣಿಯಾಗಿಸುವ ಬಗ್ಗೆ ಒಂದು ಟಿಪ್ಪಣಿ

ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ ಪ್ರಕಟವಾದದ್ದು 1973ರಲ್ಲಿ. ಅದರ ನಾಲ್ಕು ಕಥೆಗಳು ಈವರೆಗೆ ಸಿನಿಮಾ ಆಗಿವೆ. ಶೀರ್ಷಿಕೆಯ ಕಥೆಯನ್ನು ಎನ್. ಲಕ್ಷ್ಮೀನಾರಾಯಣ್, ‘ತಬರನ ಕಥೆ’ಯನ್ನು 1986ರಲ್ಲಿ ಗಿರೀಶ ಕಾಸರವಳ್ಳಿ, ‘ಕುಬಿ ಮತ್ತು ಇಯಾಲ’ವನ್ನು ಸದಾನಂದ ಸುವರ್ಣ, ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು 2023ರಲ್ಲಿ ಶಶಾಂಕ್ ಸೋಗಾಲ್ ತೆರೆಗೆ ತಂದರು. ಕನ್ನಡದ ಒಂದೇ ಕಥಾಸಂಕಲನಕ್ಕೆ ಇಷ್ಟು ಸಲ ದೃಶ್ಯರೂಪ ಸಿಕ್ಕಿರುವುದು ಅಪರೂಪ. ಇವುಗಳಲ್ಲಿ ‘ತಬರನ ಕಥೆ’ಯನ್ನು ಸಿನಿಮಾದ ಹಂಗಿಲ್ಲದೆ, ಒಂದರ ಪಕ್ಕ ಒಂದು ನಿಲ್ಲುವ ಡಿಜಿಟಲ್ ಚಿತ್ರಗಳ ಸರಣಿಯಾಗಿ ಕಟ್ಟುವುದಾದರೆ ಕಲಾವಿದರ ಮುಂದೆ ಬರುವ ಪ್ರಶ್ನೆಗಳೇನು ಎಂಬುದು ಈ ಟಿಪ್ಪಣಿಯ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಡಿಜಿಟಲ್ ಮಾಧ್ಯಮ ನಮ್ಮ ಕಥಾಚಿತ್ರಕ್ಕೆ, ಅಂದರೆ ಕಥೆಯ ಜೊತೆಗೆ ಬರೆಯುವ ಚಿತ್ರಕ್ಕೆ, ತಂದುಕೊಟ್ಟಿರುವ ದೊಡ್ಡ ಅನುಕೂಲ ಬಣ್ಣವಲ್ಲ, ಪುನರಾವರ್ತನೆ. ‘ತಬರನ ಕಥೆ’ ಅದನ್ನೇ ಬೇಡುವ ಕಥೆ.

ಶಿವಮೊಗ್ಗ ಮತ್ತು ಭದ್ರಾವತಿಯನ್ನು ನೆಲೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳಲು ಸಕಾರಣಗಳಿವೆ. ಅವುಗಳಲ್ಲಿ ಮೊದಲನೆಯದು ಕಾಗದ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1930ರ ದಶಕದಲ್ಲಿ ಹುಟ್ಟಿತು. ಬರೆಯುವ ಮತ್ತು ಮುದ್ರಿಸುವ ಕಾಗದದ ಜೊತೆಗೆ 1980ರ ದಶಕದಲ್ಲಿ ಪತ್ರಿಕೆಗಳ ನ್ಯೂಸ್‌ಪ್ರಿಂಟನ್ನೂ ತಯಾರಿಸತೊಡಗಿತು. 2015ರಲ್ಲಿ ಉತ್ಪಾದನೆ ನಿಂತಿತು. ನಮ್ಮ ಕಥಾಚಿತ್ರದ ಚರಿತ್ರೆಯನ್ನು ಕಲಾವಿದರ ಹೆಸರುಗಳಿಂದ ಬರೆಯುವುದು ವಾಡಿಕೆ. ಕಾಗದದ ಕಡೆಯಿಂದಲೂ ಅದನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ನ್ಯೂಸ್‌ಪ್ರಿಂಟ್ ಒರಟು, ಶಾಯಿಯನ್ನು ಹೀರುವ ಕಾಗದ. ಛಾಯಾಚಿತ್ರದಂಥ ನಯವಾದ ನೆರಳು–ಬೆಳಕನ್ನು ಅದರ ಮೇಲೆ ಅಚ್ಚು ಹಾಕಲು ಹಾಫ್‌ಟೋನ್ ಬ್ಲಾಕ್ ಬೇಕಿತ್ತು. ಅಂಗುಲಕ್ಕೆ 65ರಿಂದ 85 ಸಾಲಿನ ದಪ್ಪ ಜಾಲರಿಯ ಆ ಬ್ಲಾಕಿನಲ್ಲಿ ಮುಖಗಳು ಮಸುಕಾಗುತ್ತಿದ್ದವು. ಗೆರೆಯ ಚಿತ್ರಕ್ಕೆ ಈ ತೊಂದರೆ ಇರಲಿಲ್ಲ. ಕಲಾವಿದ ಇಂಡಿಯನ್ ಇಂಕಿನಲ್ಲಿ, ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ ಚಿತ್ರ ಬರೆಯುತ್ತಿದ್ದ. ಅದರ ಫೋಟೊ ತೆಗೆದು ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ತುಂಡಿನ ಮೇಲೆ ಕೂರಿಸಿದರೆ ಲೈನ್ ಬ್ಲಾಕ್ ಸಿದ್ಧ. ಅದು ಅಗ್ಗ, ಒರಟು ಕಾಗದದಲ್ಲೂ ಸ್ಪಷ್ಟ. ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳ ಕಥೆಗಳ ತಲೆಯ ಮೇಲೆ ದಶಕಗಳ ಕಾಲ ಕಾಣಿಸಿಕೊಂಡ ಗಟ್ಟಿ ಕಪ್ಪುಗೆರೆಯ ಹಿಂದೆ ಈ ಲೆಕ್ಕಾಚಾರವೂ ಇದೆ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಬಂದ ಮೇಲೆ ಆ ಪತ್ರಿಕಾಬಳಗದಲ್ಲಿ ದುಡಿದ ಕಲಾವಿದ ಚಂದ್ರನಾಥ ಆಚಾರ್ಯ ಅವರಂಥವರ ಗೆರೆಯನ್ನು ನೋಡಿದರೆ, ಏನನ್ನು ಬರೆಯದೆ ಬಿಡಬೇಕು ಎಂಬ ವಿವೇಕ ಎಷ್ಟು ಬಲಿತಿತ್ತು ಎಂದು ತಿಳಿಯುತ್ತದೆ.

ಆದರೆ ಆ ಪದ್ಧತಿಯಲ್ಲಿ ಕಥೆಗೆ ಒಂದು ಚಿತ್ರ, ಹೆಚ್ಚೆಂದರೆ ಎರಡು. ಪ್ರತಿ ಬ್ಲಾಕಿಗೂ ಖರ್ಚು, ಪುಟದಲ್ಲಿ ಜಾಗದ ಅಭಾವ. ಹಾಗಾಗಿ ಕಲಾವಿದ ಕಥೆಯ ಅತ್ಯಂತ ತೀವ್ರ ಗಳಿಗೆಯನ್ನೇ ಹುಡುಕಬೇಕಾಗಿತ್ತು. ಒಂದೇ ಕೋಣೆಯನ್ನು ಎಂಟು ಸಲ ಅಚ್ಚು ಹಾಕಿಸಲು ಯಾವ ಸಂಪಾದಕರೂ ಒಪ್ಪುವಂತಿರಲಿಲ್ಲ.

‘ತಬರನ ಕಥೆ’ಗೆ ಬೇಕಾದದ್ದು ಆ ಎಂಟು ಸಲವೇ. ಜೀವಮಾನವಿಡೀ ಸರ್ಕಾರಿ ಚಾಕರಿ ಮಾಡಿ ನಿವೃತ್ತನಾದ ತಬರಶೆಟ್ಟಿ, ಅವನಿಗೆ ಬರಬೇಕಾದ ಪಿಂಚಣಿ, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಕೊಳೆಯುತ್ತಿರುವ ಹೆಂಡತಿ ಅಪ್ಪಿ, ಪಡುಗೆರೆ ಎಂಬ ಊರಿನ ಕಚೇರಿಗಳು. ಘಟನೆಗಳ ಪಟ್ಟಿ ಮಾಡಿದರೆ ಕಥೆ ಚಿಕ್ಕದು. ಅದರ ನೋವು ಇರುವುದು ಘಟನೆ ನಡೆಯದಿರುವುದರಲ್ಲಿ: ಹೋಗುವುದು, ನಿಲ್ಲುವುದು, ‘ನಾಳೆ ಬಾ’ ಎಂಬ ಮಾತು ಕೇಳುವುದು, ಮರಳುವುದು. ಒಂದೇ ಚಿತ್ರದಲ್ಲಿ ಇದನ್ನು ಹಿಡಿಯಲು ಹೊರಟರೆ ಅಳುವ ಮುದುಕನ ಮುಖವೊಂದು ಸಿಗುತ್ತದೆ. ಅದು ಅನುಕಂಪ ಹುಟ್ಟಿಸೀತು, ವ್ಯವಸ್ಥೆಯನ್ನು ಕಾಣಿಸಲಾರದು.

ಡಿಜಿಟಲ್ ಚಿತ್ರದಲ್ಲಿ ಪದರಗಳಿರುತ್ತವೆ. ಫೋಟೊಶಾಪ್ ಇರಲಿ, ಪ್ರೊಕ್ರಿಯೇಟ್ ಇರಲಿ, ಹಣ ಕೊಡಬೇಕಿಲ್ಲದ ಕ್ರಿಟಾ ಇರಲಿ, ಹಿನ್ನೆಲೆಯನ್ನು ಒಂದು ಪದರದಲ್ಲೂ ವ್ಯಕ್ತಿಗಳನ್ನು ಇನ್ನೊಂದರಲ್ಲೂ ಬಿಡಿಸಬಹುದು. ಕಚೇರಿಯ ಕೋಣೆಯನ್ನು ಒಮ್ಮೆ ಶ್ರದ್ಧೆಯಿಂದ ಬರೆದರೆ ಸಾಕು, ಸರಣಿಯುದ್ದಕ್ಕೂ ಅದೇ ಕೋಣೆ, ಅದೇ ಕೋನದಿಂದ, ಅಕ್ಷರಶಃ ಅದೇ ಗೆರೆಗಳಲ್ಲಿ ಮರಳಿ ಬರುತ್ತದೆ. ಕೈಯಿಂದ ಮತ್ತೆ ಮತ್ತೆ ಬರೆದ ಚಿತ್ರಗಳಲ್ಲಿ ಸಣ್ಣ ವ್ಯತ್ಯಾಸಗಳು ನುಸುಳುತ್ತವೆ, ಆ ವ್ಯತ್ಯಾಸಗಳು ಚಿತ್ರಕ್ಕೆ ಜೀವ ಕೊಡುತ್ತವೆ. ಇಲ್ಲಿ ಜೀವ ಬೇಡ. ಕಚೇರಿ ಅಲುಗಾಡಬಾರದು.

ನಾನು ಮನಸ್ಸಿನಲ್ಲಿಟ್ಟುಕೊಂಡಿರುವ ಚೌಕಟ್ಟು ಇದು. ಅರ್ಜಿದಾರ ನಿಲ್ಲುವ ಕಡೆಯಿಂದ ಕಾಣುವ ಮೇಜು. ಮೇಜಿನ ಆಚೆ ಗುಮಾಸ್ತರ ಕುರ್ಚಿ, ಗೋಡೆಗೆ ಕಡತದ ಕಪಾಟು, ಎಡಗಡೆ ಕಿಟಕಿ. ಮೇಜಿನ ಮೇಲೆ ಕೆಂಪು ದಾರದಿಂದ ಕಟ್ಟಿದ ಕಡತಗಳು, ಇಂಕ್ ಪ್ಯಾಡು, ಮೊಹರು, ಪೇಪರ್‌ವೇಯ್ಟು. ಎಂಟು ಚಿತ್ರಗಳಲ್ಲಿ ಬದಲಾಗುವುದು ಮೂರೇ ಸಂಗತಿ. ಕುರ್ಚಿಯಲ್ಲಿ ಯಾರಿದ್ದಾರೆ, ಅಥವಾ ಯಾರೂ ಇಲ್ಲ. ಕಿಟಕಿಯ ಬೆಳಕು: ಬೇಸಿಗೆಯ ಬಿಳುಪಿನಿಂದ ಮಲೆನಾಡಿನ ಜಡಿಮಳೆಯ ಕತ್ತಲಿಗೆ. ಮೂರನೆಯದು ತಬರ ನಿಂತ ಜಾಗ. ಮೊದಲ ಚಿತ್ರದಲ್ಲಿ ಮೇಜಿಗೆ ಹತ್ತಿರ, ಬರಬರುತ್ತಾ ಚೌಕಟ್ಟಿನ ಅಂಚಿಗೆ, ಕೊನೆಗೆ ಅಂಚಿನಲ್ಲಿ ಅವನ ಕೊಡೆಯ ತುದಿ ಮಾತ್ರ. ಗೋಡೆಯ ಕ್ಯಾಲೆಂಡರಿನ ಹಾಳೆ ಬದಲಿಸಿ ಕಾಲ ಸರಿಯಿತೆಂದು ತೋರಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಅದನ್ನು ಬಿಡುವುದೇ ಒಳ್ಳೆಯದು. ಮಳೆಗಾಲ ಎಂದರೆ ಎಷ್ಟು ತಿಂಗಳು ಎಂದು ಈ ಸೀಮೆಯ ಓದುಗರಿಗೆ ಹೇಳಬೇಕಾಗಿಲ್ಲ.

ಅಪ್ಪಿಯ ಕಾಲನ್ನು ಬಿಚ್ಚಿ ತೋರಿಸಬಾರದು. ಬಣ್ಣದ ಸೌಲಭ್ಯವಿದೆ ಎಂದಾಗ ಮೊದಲು ಕೈ ಹೋಗುವುದು ಆ ಗಾಯಕ್ಕೇ. ಕೀವು, ರಕ್ತ, ಕಪ್ಪಿಟ್ಟ ಬೆರಳು ಎಲ್ಲವನ್ನೂ ಪರದೆಯ ಮೇಲೆ ಹಸಿಯಾಗಿ ತರಬಹುದು. ಹಾಗೆ ತಂದರೆ ನೋಡುಗರು ಕಣ್ಣು ತಿರುಗಿಸುತ್ತಾರೆ, ಕಚೇರಿಯ ತಪ್ಪು ಮರೆಯಾಗಿ ಕಾಯಿಲೆಯೇ ಖಳನಾಗುತ್ತದೆ. ಕಾಲಿಗೆ ಸುತ್ತಿದ ಬಟ್ಟೆ ಚಿತ್ರದಿಂದ ಚಿತ್ರಕ್ಕೆ ದಪ್ಪವಾಗುತ್ತಾ ಹೋಗಲಿ. ಮನೆಯ ಚಿತ್ರಗಳೂ ಒಂದೇ ಕೋನದಲ್ಲಿರಲಿ, ಕಚೇರಿಯ ಚಿತ್ರಗಳ ನಡುವೆ ಒಂದೊಂದಾಗಿ ಬರಲಿ.

ಶಿವಮೊಗ್ಗ, ಭದ್ರಾವತಿಯನ್ನು ನೆಲೆಯಾಗಿಸಲು ಎರಡನೆಯ ಕಾರಣ ಶಿಲ್ಪ. ಒಂದೇ ವ್ಯಕ್ತಿಯನ್ನು ಮತ್ತೆ ಮತ್ತೆ ತೋರಿಸಿ ಕಥೆ ಹೇಳುವ ಕ್ರಮ ಇಲ್ಲಿನ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯದಲ್ಲಿ ವೀರಗಲ್ಲುಗಳಿವೆ. ವೀರಗಲ್ಲಿನ ಸಾಮಾನ್ಯ ಕ್ರಮದಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ಶಿವಸನ್ನಿಧಿ. ಓದು ಕೆಳಗಿನಿಂದ ಮೇಲಕ್ಕೆ. ಭದ್ರಾವತಿಗೆ ಹತ್ತಿರದಲ್ಲೇ, ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅದರ ಹೊರಗೋಡೆಯ 140 ಪಟ್ಟಿಕೆಗಳಲ್ಲಿ ದಕ್ಷಿಣದ 70 ರಾಮಾಯಣಕ್ಕೆ ಮೀಸಲು, ಉತ್ತರದಲ್ಲಿ ಕೃಷ್ಣಕಥೆಗೆ 25, ಮಹಾಭಾರತಕ್ಕೆ 45. ಉತ್ತರದವು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ಹೊಯ್ಸಳ ಶಿಲ್ಪದಲ್ಲಿ ಇದು ವಿರಳ. ಕಾರಣವೇನೇ ಇರಲಿ, ಚಿತ್ರಸರಣಿಗೆ ದಿಕ್ಕು ಎಂಬುದೊಂದಿದೆ, ನೋಡುಗರ ದೇಹ ಆ ದಿಕ್ಕಿನಲ್ಲಿ ಚಲಿಸಬೇಕು ಎಂಬ ಅರಿವು ಅಲ್ಲಿದೆ. ಇಂದು ಚಲಿಸುವುದು ಬೆರಳು. ಇನ್‌ಸ್ಟಾಗ್ರಾಂ ಒಂದು ಪೋಸ್ಟಿಗೆ ಬಹುಕಾಲ 10 ಚಿತ್ರಗಳನ್ನಷ್ಟೇ ಬಿಡುತ್ತಿತ್ತು, 2024ರಲ್ಲಿ ಅದನ್ನು 20ಕ್ಕೆ ಏರಿಸಿತು. ತಬರನ ಸರಣಿ ಪಕ್ಕಕ್ಕೆ ಸರಿಸುವ ಕ್ರಮದಲ್ಲೇ ಇರಬೇಕು. ಒಂದು ಚಿತ್ರ ಸರಿದು ಅದೇ ಕೋಣೆ ಅದೇ ಜಾಗದಲ್ಲಿ ಬಂದು ಕೂತಾಗ ಉಂಟಾಗುವ ಬೇಸರವೇ ಅಲ್ಲಿ ಕಥೆ ಹೇಳುತ್ತದೆ. ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಹೋದರೆ ಈ ಪರಿಣಾಮ ಚೆದುರಿಹೋಗುತ್ತದೆ.

ಮೂರನೆಯ ಕಾರಣ: ಚಿತ್ರಗಳು ಊರಿನ ಮೇಲೆ ಎಂಥ ಹಿಡಿತ ಸಾಧಿಸಬಲ್ಲವು ಎಂಬುದಕ್ಕೆ ಶಿವಮೊಗ್ಗ ಜಿಲ್ಲೆಯಲ್ಲೇ ಉದಾಹರಣೆಯಿದೆ. ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ತಮ್ಮ ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿಯಾಗಿದ್ದಾಗಲೇ ‘ದಿ ಹಿಂದೂ’ವಿನಲ್ಲಿ ಚಿತ್ರ ಬರೆದರು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಬರೆದರು. ಅವರು ಗೆರೆಯಲ್ಲಿ ತಂದ, ನಾರಾಯಣ್ ಕಲ್ಪಿಸಿದ ಊರಾದ ಮಾಲ್ಗುಡಿಗೆ ಯಾವ ಜಿಲ್ಲೆಯೂ ಇರಲಿಲ್ಲ. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರಿಸಿದರು. ಶೀರ್ಷಿಕೆಯಲ್ಲಿ ಲಕ್ಷ್ಮಣ್ ಅವರ ಚಿತ್ರಗಳು, ಕಥೆಯಲ್ಲಿ ಆಗುಂಬೆಯ ದೊಡ್ಡಮನೆ, ರೈಲು ನಿಲ್ದಾಣಕ್ಕೆ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಎಲ್ಲೂ ಇಲ್ಲದ ಊರಿಗೆ ಇಲ್ಲಿ ವಿಳಾಸ ಸಿಕ್ಕಿತು. ಇದರಲ್ಲಿ ಸಂತೋಷಪಡುವುದು ಸಹಜ. ಆದರೆ ಪಡುಗೆರೆಗೆ ಹೀಗೆ ಒಂದೇ ವಿಳಾಸ ಅಂಟಿಕೊಳ್ಳುವುದು ನನಗೆ ಬೇಡವೆನಿಸುತ್ತದೆ. ಶಿವಮೊಗ್ಗದ ಹಳೆಯ ಕಚೇರಿಗಳ ಮಂಗಳೂರು ಹೆಂಚನ್ನು, ಭದ್ರಾವತಿಯ ಕಾರ್ಖಾನೆ ವಸತಿಗೃಹಗಳ ಕಿಟಕಿಯನ್ನು ಮಾದರಿಗೆ ನೋಡಿಕೊಳ್ಳಲಿ, ಕಟ್ಟಡವನ್ನು ಗುರುತಿಸುವಂತೆ ಮಾತ್ರ ಬರೆಯದಿರಲಿ. ಇಂಥ ಕಚೇರಿ ಎಲ್ಲ ತಾಲ್ಲೂಕಿನಲ್ಲೂ ಇದೆ ಎಂಬುದೇ ಕಥೆಯ ದೂರು.

ಮುಖದ ಪ್ರಶ್ನೆ ಇದಕ್ಕಿಂತ ಕಠಿಣ. ಕಾಸರವಳ್ಳಿಯವರ ಚಿತ್ರದಲ್ಲಿ ತಬರನಾದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು. ಕಾಸರವಳ್ಳಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಈ ಭಾಗದ ಓದುಗರಿಗೆ ತಬರ ಎಂದರೆ ಆ ಮುಖವೇ. ಅದನ್ನು ನಕಲು ಮಾಡಿದರೆ ಸರಣಿ ಸಿನಿಮಾದ ಸ್ಮರಣಿಕೆಯಾಗುತ್ತದೆ. ತಬರನನ್ನು ಬೆನ್ನ ಕಡೆಯಿಂದ ಚಿತ್ರಿಸಿ, ಮುಖವನ್ನು ಒಂದೇ ಒಂದು ಸಲ, ಮನೆಯ ಚಿತ್ರದಲ್ಲಿ ತೋರಿಸುವುದು ನನಗೆ ಕಾಣುವ ದಾರಿ.

ಎಲ್ಲ ಕಥೆಗಳಿಗೂ ಈ ಸೂತ್ರ ಹೊಂದುವುದಿಲ್ಲ. ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ (‘ಪ್ರಶ್ನೆ’ ಸಂಕಲನ, 1963) ಹುಡುಗನ ಕಣ್ಣಿನಿಂದ ಕಂಡ ಕಥೆ. ಅಲ್ಲಿ ಪುನರಾವರ್ತನೆಗಿಂತ ಕಣ್ಣಿನ ಎತ್ತರ ಮುಖ್ಯ: ಬಾಗಿಲ ಚೌಕಟ್ಟು ಎತ್ತರ, ದೊಡ್ಡವರು ಸೊಂಟದವರೆಗಷ್ಟೇ ಕಾಣಬೇಕು, ಕಥೆಯ ನಾಯಕಿ ಯಮುನಕ್ಕನ ಮುಖ ಮಾತ್ರ ಹುಡುಗನ ಮಟ್ಟಕ್ಕೆ ಬಾಗಬೇಕು. ಈ ಕಥೆಯನ್ನು ಆಧರಿಸಿದ 1977ರ ಸಿನಿಮಾದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಹೊಸ ಕಲಾವಿದರು ಅದನ್ನು ನೋಡಿ ಈ ಎತ್ತರದ ಲೆಕ್ಕವನ್ನು ಕಲಿಯಬಹುದು.

ಅಕ್ಷರಗಳ ಬಗ್ಗೆ ಒಂದು ಮಾತು. 1970ರ ದಶಕದ ಕಚೇರಿಯ ನಾಮಫಲಕವನ್ನು ಪೇಂಟರ್ ಕುಂಚದಲ್ಲಿ ಬರೆಯುತ್ತಿದ್ದ. ಒತ್ತಕ್ಷರಕ್ಕೆ ಜಾಗ ಸಾಲದೆ ಪಕ್ಕಕ್ಕೆ ಒತ್ತರಿಸಿ ಬರೆದದ್ದೂ ಉಂಟು. ಅಲ್ಲಿ ಕಂಪ್ಯೂಟರಿನ ಫಾಂಟ್ ಇಟ್ಟರೆ ಚಿತ್ರದ ಕಾಲವೇ ಸುಳ್ಳಾಗುತ್ತದೆ. ಹಲವು ಚಿತ್ರತಂತ್ರಾಂಶಗಳಲ್ಲಿ ಯುನಿಕೋಡ್ ಕನ್ನಡದ ಒತ್ತುಗಳು ಒಡೆದು ಬೀಳುವುದೂ ಉಂಟು. ಫಲಕ, ಮೊಹರು, ರಸೀದಿಗಳ ಅಕ್ಷರವನ್ನೆಲ್ಲ ಕೈಯಲ್ಲೇ ಬರೆಯಬೇಕು.

ಕೊನೆಯದಾಗಿ ಹಕ್ಕು. 1957ರ ಕೃತಿಸ್ವಾಮ್ಯ ಕಾಯಿದೆಯ 2(ಎ) ಕಲಮು ‘ರೂಪಾಂತರ’ವನ್ನು ವಿವರಿಸುವಾಗ, ಸಾಹಿತ್ಯಕೃತಿಯ ಕಥೆಯನ್ನು ಪೂರ್ತಿಯಾಗಿ ಅಥವಾ ಮುಖ್ಯವಾಗಿ ಚಿತ್ರಗಳ ಮೂಲಕ, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಿಸಲು ತಕ್ಕ ರೂಪದಲ್ಲಿ ಹೇಳುವುದನ್ನೂ ಸ್ಪಷ್ಟವಾಗಿ ಸೇರಿಸುತ್ತದೆ. ಅಂದರೆ ಚಿತ್ರಸರಣಿ ಮಾಡುವ ಹಕ್ಕು ಲೇಖಕರದು, ಅವರ ನಂತರ ಹಕ್ಕುದಾರರದು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದು ಉಳಿಯುತ್ತದೆ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ, ಹಾಗಾಗಿ 2067ರ ಕೊನೆಯವರೆಗೆ ಲಿಖಿತ ಅನುಮತಿಯಿಲ್ಲದೆ ‘ತಬರನ ಕಥೆ’ಯ ಸರಣಿಯನ್ನು ಪ್ರಕಟಿಸುವಂತಿಲ್ಲ. ಕೈ ಪಳಗಿಸಿಕೊಳ್ಳಲು 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗಳಿವೆ, ಅವುಗಳ ಹಕ್ಕಿನ ಅವಧಿ ಮುಗಿದಿದೆ.

1930ರಲ್ಲಿ ಹುಟ್ಟಿದ ಶಿವಮೊಗ್ಗದ ಕರ್ನಾಟಕ ಸಂಘ ಕಾದಂಬರಿ, ಕವನ, ಮಕ್ಕಳ ಸಾಹಿತ್ಯ ಹೀಗೆ ಪ್ರಕಾರವಾರು ಪುಸ್ತಕ ಬಹುಮಾನ ಕೊಡುತ್ತಾ ಬಂದಿದೆ. ಅನಂತಮೂರ್ತಿಯವರ ಹೆಸರಿನಲ್ಲಿ ಸಣ್ಣಕಥೆಗೂ ಬಹುಮಾನವಿದೆ. ಸಂಘವು ಕಥಾಚಿತ್ರ ಸರಣಿಗೂ ಒಂದು ಬಹುಮಾನ ಇಡಬೇಕು, ಹಕ್ಕುದಾರರಿಂದ ಅನುಮತಿ ಪಡೆಯುವ ಕೆಲಸದಲ್ಲಿ ಶಿವಮೊಗ್ಗ, ಭದ್ರಾವತಿಯ ಯುವ ಕಲಾವಿದರ ಜೊತೆ ನಿಲ್ಲಬೇಕು ಎಂದು ಈ ಟಿಪ್ಪಣಿಯ ಮೂಲಕ ಕೇಳಿಕೊಳ್ಳುತ್ತೇನೆ.